ಮನೆಗೊಂದು ವೋಟು

ಫಖರುನ್ನಿಸಾ ಹುಟ್ಟಿದ್ದು ಮೈಸೂರಿನಲ್ಲಿ, ಬಾಳಿದ್ದು ಹಾಂಗ್‌ಕಾಂಗಿನಲ್ಲಿ, ಗಂಡನ ಬಟ್ಟೆ ಅಂಗಡಿಯ ಹಿಂದೆ. ಜೀವಮಾನದ ಮೊದಲ ವೋಟು ಹಾಕಿದ್ದೂ ಅಲ್ಲೇ, ತೊಂಬತ್ತೈದನೇ ಇಸವಿಯಲ್ಲಿ, ಗಂಡ ತೀರಿಹೋದ ಮೇಲೆ ಒಬ್ಬಳೇ ಸಾಲಿನಲ್ಲಿ ನಿಂತು. ಊರು ಬಿಡಲಿದ್ದ ಬ್ರಿಟಿಷರೂ ಬರಲಿದ್ದ ಚೀನಾದವರೂ ಯಾರಿಗೆ ವೋಟಿನ ಹಕ್ಕು, ಎಷ್ಟು ಸೀಟು ಎಂದು ಸುತ್ತಿನ ಮೇಲೆ ಸುತ್ತು ಮಾತಾಡಿ ಮುರಿದುಕೊಂಡಿದ್ದರು. ತೊಂಬತ್ತೇಳರಲ್ಲಿ ಬಾವುಟ ಬದಲಾದದ್ದೇ ತಡ, ಆಕೆ ವೋಟು ಹಾಕಿ ಆರಿಸಿದ್ದ ಶಾಸನಸಭೆ ಮನೆಗೆ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಆ ವರ್ಷವೇ ಮಗ ಶಾರೀಕ್ ಆಕೆಯನ್ನು ಅಮೆರಿಕದ ಸನ್ನಿವೇಲ್‌ನ ತನ್ನ ಅಪಾರ್ಟ್‌ಮೆಂಟಿಗೆ ಕರೆತಂದ. ಇಲ್ಲೂ ಅದೇ ಹಾಡು. ಹಳಬರು ಕಟ್ಟಿದ ನಮಾಜಿನ ಹಾಲ್ ಅನ್ನು ಚುನಾಯಿತ ಕಮಿಟಿಗೆ ಒಪ್ಪಿಸಬೇಕಿತ್ತು. ಹಳಬರ ಪರ ಬಶೀರ್ ಸಾಹೇಬರು. ನಿನ್ನೆ ಮೊನ್ನೆ ವೀಸಾದ ಮೇಲೆ ಬಂದ ಹುಡುಗರಿಗೆಲ್ಲ ವೋಟು ಕೊಟ್ಟರೆ ಹಾಲ್ ಕೈಬಿಟ್ಟೀತೆಂಬ ದಿಗಿಲು ಅವರಿಗೆ. ಹೊಸಬರ ಪರ ಇಂಜಿನಿಯರ್ ನವೀದ್. ಬಾಯಿ ತೆರೆದರೆ ಡೆಮಾಕ್ರಸಿ. ಶನಿವಾರ ಬಂದರೆ ಶಾರೀಕನ ಮನೆಯಲ್ಲಿ ಮಾತುಕತೆ. ಫಖರುನ್ನಿಸಾಳ ಬಿರಿಯಾನಿ ಸಿಗುವುದು ಅಲ್ಲೇ ತಾನೆ! ಹಾಲ್‌ನ ಕಾರ್ಪೆಟ್ಟು ಗುಡಿಸುವುದೂ ಮಕ್ಕಳಿಗೆ ಪಾಠ ಹೇಳುವುದೂ ಹೆಂಗಸರು. ಹಾಗಾಗಿ ಈ ಸಲ ತನ್ನ ವೋಟು ತನ್ನ ಕೈಯಲ್ಲೇ ಉಳಿಯುತ್ತದೆಂದು ಆಕೆ ನಂಬಿದ್ದಳು.

ಕೊನೆಗೆ ರಾಜಿಯಾಯಿತು: ಮನೆಗೊಂದು ವೋಟು, ಅದು ಯಜಮಾನನದು. ನಾಲ್ವರು ಹುಡುಗರು ಒಟ್ಟಿಗಿದ್ದ ಅಪಾರ್ಟ್‌ಮೆಂಟಿಗೂ ಒಂದೇ ವೋಟೆಂದು ಹಳಬರು ಹಿಗ್ಗಿದರು. ವೀಸಾದ ಷರತ್ತು ಹೋಯಿತೆಂದು ಹೊಸಬರು. ಹೆಂಗಸರ ಕತೆ ಏನೆಂದು ಆಕೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು.

“ನಿಮ್ಮನೆ ವೋಟು ಇದೆಯಲ್ಲ ಆಂಟಿ, ಶಾರೀಕ್ ಹಾಕ್ತಾನೆ. ಈಗ ಟ್ರಾನ್ಸಿಷನ್ನು ಸ್ಮೂತಾಗಿ ಆಗ್ಲಿ, ಆಮೇಲೆ ನೋಡೋಣ,” ಎಂದ ನವೀದ್.

ಶಾರೀಕ್ ತಟ್ಟೆಯಿಂದ ತಲೆ ಎತ್ತಲಿಲ್ಲ. ತುಪ್ಪ ಮೆತ್ತಿದ ಬೆರಳುಗಳಲ್ಲೇ ಎರಡು ಕಡೆಯವರೂ ಕೈ ಕುಲುಕಿದರು. ಆ ಕೈಗಳನ್ನೂ, ಅವರು ಚೀಪಿ ಬಿಟ್ಟ ಮೂಳೆಗಳನ್ನೂ ಕಂಡು ಆಕೆಗೆ ಹೇಸಿಗೆ ಹುಟ್ಟಿತು. ವರ್ಷಗಟ್ಟಲೆ ಜಗಳವಾಡಿದವರು ಒಂದಾಗಲು ಸಿಕ್ಕಿದ್ದು ಇದೊಂದೇ ವಿಷಯ. ಥೂ!

ರಾಜಿಗೆ ಸಹಿ ಬೀಳುವ ದಿನ ಸಂಸಾರ ಸಮೇತ ಎಲ್ಲರೂ ಊಟಕ್ಕೆ ಬಂದರು. ಫಖರುನ್ನಿಸಾ ಬಿರಿಯಾನಿ ಡೇಗಿಯ ಮುಂದೆ ನಿಂತು ಮನೆಗೊಂದೇ ತಟ್ಟೆ ಬಡಿಸಿದಳು, ಅದನ್ನೂ ಹೆಂಗಸರ ಕೈಗೇ ಕೊಟ್ಟಳು. ಬಶೀರ್ ಸಾಹೇಬರು ಬರಿಗೈಯಲ್ಲಿ ನಿಂತರು.

“ನಿಮ್ಮನೆ ತಟ್ಟೆ ಹೋಯ್ತಲ್ಲ ಸಾಹೇಬ್ರೇ. ಅವ್ರು ತಿಂದ್ರೆ ನೀವು ತಿಂದ ಹಾಗೇ,” ಎಂದಳು.

ಗಂಡಸರು ಹೊಟ್ಟೆ ಹಿಡಿದು ನಕ್ಕರು. ಆಂಟಿಯ ತಮಾಷೆಯೆಂದು ಫೋಟೊ ತೆಗೆದರು. ನವೀದ್ ಪಿಜ್ಜಾ ತರಿಸಿದ. ಅದನ್ನೇ ತಿಂದು ಒಪ್ಪಂದಕ್ಕೆ ಸಹಿ ಹಾಕಿದರು.

ಚುನಾವಣೆಯ ಭಾನುವಾರ ಶಾರೀಕನ ಆಫೀಸಿನಲ್ಲಿ ಹೊಸ ವೆಬ್‌ಸೈಟಿನ ಲಾಂಚು. ಸಂಜೆ ಮನೆಗೆ ಬಂದವನನ್ನು ಆಕೆ ವೋಟು ಹಾಕಿದೆಯಾ ಎಂದು ಕೇಳಿದಳು.

“ಮರ್ತೇ ಹೋಯ್ತು ಅಮ್ಮೀ. ನನ್ ಒಂದ್ ವೋಟಿಂದ ಏನಾಗುತ್ತೆ ಬಿಡಿ.”

“ನಿಂದಲ್ಲಪ್ಪ ಅದು,” ಎಂದಳು ಫಖರುನ್ನಿಸಾ. “ನಂದೂ ಅದ್ರಲ್ಲೇ ಇತ್ತು.”