ಅತ್ತೆಯ ಕಾಲಿನ ಆಣಿ

ನನ್ನ ಅತ್ತೆಯ ಬಲಪಾದದಲ್ಲಿ, ಹೆಬ್ಬೆರಳ ಬುಡದ ಹತ್ತಿರ, ಕಡಲೆಕಾಳಿನಷ್ಟು ದೊಡ್ಡ ಆಣಿ ಎದ್ದಿತ್ತು. ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ನಮ್ಮ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಯಾವ ಕಡ್ಡಿ ಉಳಿಯಬೇಕು, ಯಾವುದು ಹೋಗಬೇಕು ಎಂದು ಎರಡನೇ ಸಲ ನೋಡುತ್ತಿರಲಿಲ್ಲ. ಆಣಿಯನ್ನೂ ಅದೇ ಧೈರ್ಯದಲ್ಲಿ ಬ್ಲೇಡಿನಿಂದ ತಾವೇ ಕೆತ್ತಿಕೊಂಡಿದ್ದರು. ಅಂಗಡಿಯ ಮದ್ದಿನ ಪಟ್ಟಿಯನ್ನೂ ಅಂಟಿಸಿ ನೋಡಿದ್ದರು. ಅದು ಮತ್ತೆ ಮತ್ತೆ ಗಟ್ಟಿಯಾಗಿ ಬರುತ್ತಿತ್ತು. ಅವರು ಹಿಮ್ಮಡಿಯ ಮೇಲೆ ಕುಂಟುವುದನ್ನು ನೋಡಲಾರದೆ ಒಂದು ದಿನ ನಾನೇ ಬಸ್ಸು ಹತ್ತಿಸಿ ಕಂಬಂ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಮೊದಲು ರಕ್ತದ ಸಕ್ಕರೆ ನೋಡಿಸಿ, ತೊಂದರೆ ಇಲ್ಲ ಎಂದ ಮೇಲೆ ಸೂಜಿ ಹಾಕಿ ಪಾದ ಮರಗಟ್ಟಿಸಿದರು. ನಾನು ಪಾದ ನೋಡಲಾರದೆ ಅತ್ತೆಯ ಮುಖದ ಕಡೆ ತಿರುಗಿದೆ. ಅತ್ತೆ ಮಲಗಲು ಒಪ್ಪದೆ ಮೊಣಕೈ ಊರಿ ಎದ್ದು, ತಮ್ಮ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಬೇರು ಬಿಡದಂತೆ ತೆಗೆಯಬೇಕು, ಇಲ್ಲದಿದ್ದರೆ ಚಿಗುರುತ್ತದೆ ಎಂದು ತಮಿಳಿನಲ್ಲಿ ಡಾಕ್ಟರಿಗೇ ಹೇಳಿಕೊಟ್ಟರು. ಆಣಿಗೆ ಬೇರಿಲ್ಲ, ಒಂದೇ ಕಡೆ ಒತ್ತಿ ಒತ್ತಿ ಚರ್ಮವೇ ಒಳಮುಖವಾಗಿ ಗಟ್ಟಿಯಾಗುತ್ತದೆ ಎಂದು ಡಾಕ್ಟರು ಬೇಸರವಿಲ್ಲದೆ ತಿಳಿಸಿದರು. ತೆಗೆದದ್ದನ್ನು ತಟ್ಟೆಯಲ್ಲಿಟ್ಟು ತೋರಿಸಿದರು. ಅತ್ತೆ ಬಗ್ಗಿ ನೋಡಿ, ನನ್ನ ಕಡೆಗೆ ತಿರುಗಿ ನಮ್ಮ ಮನೆಮಾತಾದ ಕನ್ನಡದಲ್ಲಿ, "ಇಷ್ಟೇ ಐತಲ್ಲೇ. ಇದಾ ನನ್ನ ಕುಂಟಿಸಿದ್ದು?" ಅಂದರು.

ಗಾಯ ಮಾಯ್ದ ಮೇಲೆ ಮತ್ತೆ ಹೋದೆವು. ತೋಟದಲ್ಲಿ ಹೇಗೆ ನಿಲ್ಲುತ್ತೀರಿ, ನಿಂತು ತೋರಿಸಿ ಎಂದರು ಡಾಕ್ಟರು. ಅತ್ತೆ ಕತ್ತರಿ ಹಿಡಿದವರ ಹಾಗೆ ಎರಡೂ ಕೈ ಮೇಲೆತ್ತಿದರು. ಅವರಿಗೇ ತಿಳಿಯದಂತೆ ಹಿಮ್ಮಡಿಗಳು ನೆಲ ಬಿಟ್ಟವು. ಮೈಭಾರವೆಲ್ಲ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಬಿತ್ತು. ನಮ್ಮ ದ್ರಾಕ್ಷಿ ಚಪ್ಪರವನ್ನು ಮಾವ ತಮ್ಮ ಎತ್ತರಕ್ಕೆ ಹಾಕಿಸಿದ್ದರು. ಅತ್ತೆ ಕುಳ್ಳಗೆ. ಇಷ್ಟು ವರ್ಷವೂ ಅವರು ತುದಿಗಾಲಲ್ಲೇ, ಅದೂ ಬರಿಗಾಲಲ್ಲಿ, ಬಳ್ಳಿ ಸವರಿದ್ದರು. ಅಷ್ಟು ದಿನ ಜೊತೆಗಿದ್ದೂ ನಾನದನ್ನು ಗಮನಿಸಿರಲಿಲ್ಲ ಎಂದು ನಾಚಿಕೆಯಾಯಿತು. ಹೀಗೇ ನಿಂತರೆ ಆಣಿ ಇನ್ನೊಂದು ಸಲ ಬರುತ್ತದೆ ಎಂದರು ಡಾಕ್ಟರು.

ವಾಪಸು ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ ಅತ್ತೆ, "ಚಪ್ಪರ ಇಳಿಸಾಕಾಗಲ್ಲ. ನಾನೇ ಎತ್ತರಕ್ಕೆ ಹೋಯ್ತೀನಿ" ಅಂದರು.

ಮರುದಿನವೇ ಬಡಗಿಯಿಂದ ಒಂದು ಗೇಣು ಎತ್ತರದ ಅಗಲ ಮಣೆ ಮಾಡಿಸಿದರು. ಮೆತ್ತನೆಯ ಚಪ್ಪಲಿ ಕೊಂಡರು. ತೋಟದಲ್ಲಿ ಚಪ್ಪಲಿ ಮೆಟ್ಟಬಾರದೆಂದು ಮಾವ ಗೊಣಗಿದರೆ, ಡಾಕ್ಟರು ಹೇಳಿದ್ದಾರೆ ಎಂದು ಹೇಳಿ ಮೆಟ್ಟಿಕೊಂಡೇ ಹೋದರು. ಸವರುವ ಕಾಲ ಬಂದಾಗ ಮಣೆಯ ಮೇಲೆ ಪಾದ ಪೂರ್ತಿ ಊರಿ ನಿಂತು, ಅದನ್ನು ತಾವೇ ಬಳ್ಳಿಯಿಂದ ಬಳ್ಳಿಗೆ ಸರಿಸಿಕೊಂಡರು. ಕೂಲಿಗೆ ಬಂದ ಇಬ್ಬರು ಕುಳ್ಳ ಹೆಂಗಸರು ನಮಗೂ ಬೇಕೆಂದಾಗ ಇನ್ನೆರಡು ಮಣೆ ಮಾಡಿಸಿಕೊಟ್ಟರು.

ಮೂರು ವರ್ಷವಾಯಿತು, ಆಣಿ ಮತ್ತೆ ಬಂದಿಲ್ಲ. ಅತ್ತೆಯ ಪಕ್ಕದ ಸಾಲು ನನ್ನದು. ನಾನೆಷ್ಟೇ ಅವಸರ ಮಾಡಿದರೂ ಅವರು ಎರಡು ಬಳ್ಳಿ ಮುಂದೆಯೇ ಇರುತ್ತಾರೆ.