ಎಲ್ಲಿಗೆ ಹೊಂಟೀರಿ?

ಸಿಕಂದರಾಬಾದಿನಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಕೂತರೆ ಸಾಕು, ಎದುರಿನವರು "ಎಲ್ಲಿಗೆ ಹೊಂಟೀರಿ?" ಎನ್ನುತ್ತಾರೆ. ಬೇಗಂಪೇಟೆ ದಾಟುವಷ್ಟರಲ್ಲಿ ನನ್ನ ಊರು, ನೌಕರಿ, ಮಕ್ಕಳೆಷ್ಟು ಎಂಬುದೆಲ್ಲ ಇಡೀ ಬೋಗಿಗೆ ಗೊತ್ತಾಗಿರುತ್ತದೆ. ಈ ವಿಚಾರಣೆ ನನಗೆ ಆಗಿಬರುತ್ತಿರಲಿಲ್ಲ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂರುವ ಜಾತಿ ನಾನು. ಅದರ ಹಿಂಬದಿಯನ್ನೂ ಎದುರಿನವರು ಓದುತ್ತಿರುತ್ತಾರೆ; ಪುಟ ತಿರುಗಿಸಿದರೆ "ತಡೀರಿ, ಇನ್ನೊಂದೀಟು ಐತಿ" ಎನ್ನುತ್ತಾರೆ.

ಹಾಗಾಗಿ ಎಂಬತ್ತರ ದಶಕದಲ್ಲಿ ಸನತ್‌ನಗರದ ನಮ್ಮ ಕಾರ್ಖಾನೆಯವರು ಹೊಸ ಗ್ರೈಂಡಿಂಗ್ ಮಷೀನು ನೋಡಿಬರಲು ಯುರೋಪಿಗೆ ಕಳಿಸಿದಾಗ ನನಗೆ ಹಿಗ್ಗೋ ಹಿಗ್ಗು. ಜೊತೆಗೆ ಭಾಲ್ಕಿ ಕಡೆಯ ಫೋರ್ಮನ್ ಬಿರಾದಾರರು. ಸದ್ದು ಕೇಳಿಯೇ ಮಷೀನಿನ ಜಡ್ಡು ಹೇಳುವ ಮನುಷ್ಯ. ಜ್ಯೂರಿಕ್‌ನಿಂದ ಸ್ಟಟ್‌ಗಾರ್ಟಿಗೆ ರೈಲು. ಮಧ್ಯಾಹ್ನ ಎರಡಕ್ಕೆ ಅಲ್ಲಿನ ಕಾರ್ಖಾನೆಯಲ್ಲಿ ಮಷೀನು ಓಡಿಸಿ ನೋಡಿ ಸಹಿ ಹಾಕಬೇಕು. ಮರುದಿನದಿಂದ ಅವರಿಗೆ ಬೇಸಿಗೆ ರಜೆ. ತಪ್ಪಿದರೆ ಮಷೀನು ತಿಂಗಳುಗಟ್ಟಲೆ ತಡ, ಊರಿಗೆ ಹೋಗಿ ಮುಖ ತೋರಿಸುವಂತಿಲ್ಲ.

ಬೋಗಿಯಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಆಹಾ, ಎಂಥ ನಾಗರಿಕ ಜನ! ಬಿರಾದಾರರಿಗೆ ಪಾಠ ಹೇಳಿದೆ: "ಇಲ್ಲಿ ಯಾರನ್ನೂ ಎಲ್ಲಿಗೆ ಹೊಂಟೀರಿ ಅಂತ ಕೇಳಬಾರದು."

"ಹಂಗಾದ್ರ ಹೊತ್ತು ಹ್ಯಾಂಗ ಹೋಗಬೇಕ್ರಿ ಸಾಹೇಬ್ರ?"

ಕಿಟಕಿ ತೋರಿಸಿದೆ. ಹತ್ತು ನಿಮಿಷ ಹೊರಗೆ ನೋಡಿ, "ನೋಡಿದ್ನಿ" ಎಂದು ತಿರುಗಿ ಕೂತರು.

ಆಮೇಲೆ ಡಬ್ಬಿ ಬಿಚ್ಚಿ, ಎದುರಿಗಿದ್ದ ಮುದುಕಿಗೆ ಶೇಂಗಾದ ಉಂಡಿ ಕೊಟ್ಟರು. ಆಕೆ ತಿಂದು ನಕ್ಕಳು. ಅಷ್ಟೇ ಸಾಕಾಯಿತು. ತಮ್ಮ ಟಿಕೆಟ್ ಎತ್ತಿ ಹಿಡಿದು, ಅಚ್ಚ ಕನ್ನಡದಲ್ಲೇ, "ಅವ್ವಾರ, ನಾವು ಇಲ್ಲಿಗೆ. ನೀವು ಎಲ್ಲಿಗೆ ಹೊಂಟೀರಿ?" ಅಂದುಬಿಟ್ಟರು! ನಾಚಿಕೆಯಿಂದ ನಾನು ಇಷ್ಟೇ ಇಷ್ಟಾದೆ.

ಆಕೆ ತನ್ನ ಟಿಕೆಟ್ ತೆಗೆದು ತೋರಿಸಿದಳು, ನಮ್ಮದನ್ನು ನೋಡಿದಳು, ಗಾಬರಿಯಾದಳು. ಹಿಂದಿನ ಬೋಗಿಗಳತ್ತ ಕೈಮಾಡಿ, ಜೋಡಿಸಿದ ಎರಡೂ ಕೈಗಳನ್ನು ಸರಕ್ಕನೆ ಬಿಡಿಸಿದಳು. ಪುಸ್ತಕದಿಂದ ಕಲಿತಿದ್ದ ನನ್ನ ಜರ್ಮನ್ ಉಪಯೋಗಕ್ಕೆ ಬರಲಿಲ್ಲ. ಬಿರಾದಾರರು ಎದ್ದೇಬಿಟ್ಟರು: "ಸಾಹೇಬ್ರ, ಏಳ್ರಿ! ಗುಂತಕಲ್ಲಿನ್ಯಾಗ ನಮ್ಮ ಬೋಗಿ ಬಿಚ್ಚಿ ಬ್ಯಾರೆ ಗಾಡಿಗೆ ಹಚ್ಚತಾರಲ್ರಿ, ಇಲ್ಲೂ ಹಂಗ ಐತಿ. ನಮ್ದು ಹಿಂದಿಂದು!"

ಬಾಗಿಲ ಪಕ್ಕದ ಫಲಕದಲ್ಲಿ ಯಾವ ಬೋಗಿ ಎಲ್ಲಿಗೆ ಎಂದು ಬರೆದೇ ಇತ್ತಂತೆ. ಎಲ್ಲ ಬಲ್ಲ ನಾನು ಅದನ್ನು ಓದಲೇ ಇಲ್ಲ. ಮುಂದಿನ ಜಂಕ್ಷನ್ನಿನಲ್ಲಿ ಇಳಿದು ಚೀಲ ಹಿಡಿದು ಓಡಿದೆವು. ಮುದುಕಿ ಕಿಟಕಿಯಿಂದ ತಲೆ ಹಾಕಿ, ಇನ್ನೂ ಹಿಂದೆ, ಇನ್ನೂ ಹಿಂದೆ ಎಂದು ಕೈ ಬೀಸುತ್ತಿದ್ದಳು. ನಾವು ಹತ್ತಿ ಉಸಿರು ಬಿಡುವಷ್ಟರಲ್ಲಿ ಮುಂದಿನ ಅರ್ಧ ರೈಲು ಆಕೆಯನ್ನು ಕರೆದುಕೊಂಡು ಹೊರಟುಹೋಯಿತು.

ಎರಡು ಗಂಟೆಗೆ ಬಿರಾದಾರರು ಮಷೀನಿಗೆ ಕಿವಿಗೊಟ್ಟು "ಬೇಷ್ ಐತ್ರಿ" ಎಂದರು. ನಾನು ಸಹಿ ಹಾಕಿದೆ. ಅವರಿಗೆ ಮಾತ್ರ ಒಂದು ಕೊರಗು ಉಳಿಯಿತು: "ಆ ಅವ್ವಗ ಮಕ್ಕಳೆಷ್ಟು ಅಂತ ಕೇಳೂದು ಉಳದೇ ಹೋತಲ್ರಿ."

ಈಗ ಸಿಕಂದರಾಬಾದಿನಲ್ಲಿ ರೈಲು ಹತ್ತಿದರೆ ಮೊದಲು ಕೇಳುವವನು ನಾನೇ. ಮೊನ್ನೆ ಎದುರಿಗೆ ಒಬ್ಬರು ಪತ್ರಿಕೆ ಅಡ್ಡ ಹಿಡಿದು ಕೂತಿದ್ದರು. ಬಿಡಲಿಲ್ಲ. ಪತ್ರಿಕೆಯನ್ನು ಮೆಲ್ಲಗೆ ಸರಿಸಿ, ಎಲ್ಲಿಗೆ ಹೊಂಟೀರಿ ಎಂದು ಕೇಳಿದೆ. ಮಕ್ಕಳೆಷ್ಟು ಎಂಬುದನ್ನೂ ಉಳಿಸಿಕೊಳ್ಳಲಿಲ್ಲ.