ಬಾಳೆಗೊನೆಯ ಲೆಕ್ಕದ ಇಂಗ್ಲಿಷು

ಹೆಮ್ಮರಗಾಲದ ಚೆಲುವಯ್ಯ ತಿರುಮಕೂಡಲು ನರಸೀಪುರದ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಹಂಗಾಮಿಯಾಗಿಯೇ ಮೂರು ವರ್ಷ ಕಳೆದಿತ್ತು. ಅಷ್ಟರಲ್ಲಿ ಅವನು ಕೂರುವ ಮುಕ್ಕಾಲಿಯ ಒಂದು ಕಾಲು ಮುರಿದು, ರಿಪೇರಿಗೆ ಅರ್ಜಿ ಹೋಗಿ, ಅದೂ ಹಂಗಾಮಿಯಾಗಿ ಇಟ್ಟಿಗೆಯ ಮೇಲೆ ನಿಂತಿತ್ತು. ತಲೆಗೆ ರುಮಾಲು, ಮೈಗೆ ಅಣ್ಣನ ಕೋಟು, ಬಾಯಲ್ಲಿ ಮೇಷ್ಟರ ಇಂಗ್ಲಿಷು. ಮೂರರಲ್ಲಿ ಅವನ ಸ್ವಂತದ್ದೆಂದರೆ ರುಮಾಲೊಂದೇ.

ಮೇಲಿನ ಕಚೇರಿಯಿಂದ ಬರುವ ಇಂಗ್ಲಿಷ್ ಉತ್ತರಗಳನ್ನು ಅರ್ಜಿ ಕೊಟ್ಟವರಿಗೆ ಓದಿ ಹೇಳುವುದು ಅವನ ಕೆಲಸ. ಇಂಗ್ಲಿಷಿನವರ ಸೊಗಸೇ ಸೊಗಸು. ಆಗುವುದಿಲ್ಲ ಅನ್ನರು, ತಡವಾಗುತ್ತದೆ ಎಂದೂ ಅನ್ನರು. ಬೇಗನೆ ಮಾಡುತ್ತೇವೆ ಎಂಬುದಕ್ಕೆ 'ಶಾರ್ಟ್ಲಿ', ಯೋಚಿಸುತ್ತಿದ್ದೇವೆ ಎಂಬುದಕ್ಕೆ 'ಅಂಡರ್ ಕನ್ಸಿಡರೇಷನ್', ಎಲ್ಲ ಸಕಾಲದಲ್ಲಿ ಆಗುತ್ತದೆ ಎಂಬುದಕ್ಕೆ 'ಇನ್ ಡ್ಯೂ ಕೋರ್ಸ್'. ಕೇಳಿದರೆ ಕಿವಿಗೆ ಬೆಣ್ಣೆ ಹಚ್ಚಿದಂತೆ.

ಮೂಗೂರಿನ ಗುರುಸಿದ್ದಮ್ಮನಿಗೆ ಮಾತ್ರ ಬೆಣ್ಣೆ ಬೇಕಿರಲಿಲ್ಲ, ಊರ ಬಾವಿಗೆ ನಾಲ್ಕು ಮೆಟ್ಟಿಲು ಬೇಕಿತ್ತು.

"ಕನ್ಸಿಡ್ರೇಸನ್ನು ಅಂದ್ರೆ ಎಷ್ಟ್ ದಿನ ಸಾ?"

"ದಿನದ ಲೆಕ್ಕದಲ್ಲಿ ಬರಾಕಿಲ್ಲ ಅಜ್ಜಿ."

"ಅಂಗಾರೆ ಬೆಳೆ ಲೆಕ್ಕದಲ್ಲಿ ಯೋಳು. ನಂಗೇನು ಕ್ಯಾಲೆಂಡ್ರು ಗೊತ್ತಾ?"

ಚೆಲುವಯ್ಯ ಹಳೆಯ ಕಡತಗಳನ್ನು ಮನಸ್ಸಿನಲ್ಲೇ ತಿರುವಿ ನೋಡಿ, 'ಶಾರ್ಟ್ಲಿ' ಅಂದರೆ ಒಂದು ರಾಗಿ ಬೆಳೆ ಎಂದ. 'ಅಂಡರ್ ಕನ್ಸಿಡರೇಷನ್' ಅಂದರೆ ಬಾಳೆ, ಕಂದು ನೆಟ್ಟು ಗೊನೆ ಕಡಿಯುವವರೆಗೆ. 'ಇನ್ ಡ್ಯೂ ಕೋರ್ಸ್' ಅಂದರೆ ತೆಂಗು. ಅದರ ಎಳನೀರು ನೆಟ್ಟವರಿಗಲ್ಲ, ಮೊಮ್ಮಕ್ಕಳಿಗೆ.

ಈ ಲೆಕ್ಕ ಕಚೇರಿಯ ಜಗುಲಿಯಿಂದಿಳಿದು, ಹರಿಗೋಲು ಹತ್ತಿ ಹೊಳೆ ದಾಟಿ, ಸಂತೆ ಸಂತೆ ಸುತ್ತಿತು. "ನಿಂಗೆ ರಾಗಿ ಬಂತಾ, ತೆಂಗು ಬಂತಾ?" ಎಂದು ಅರ್ಜಿದಾರರು ಒಬ್ಬರನ್ನೊಬ್ಬರು ಕೇಳತೊಡಗಿದರು. ಚೆಲುವಯ್ಯನಿಗೆ ಒಳಗೊಳಗೇ ಹೆಮ್ಮೆ, ತನ್ನ ಕಾಗದ ಬರುವವರೆಗೆ.

ನಂಜನಗೂಡಿನಲ್ಲಿ ಕಪಿಲೆಯ ದಂಡೆಗೆ ಅಂಟಿಕೊಂಡಂತೆ ಕೆಂಪಾಜಮ್ಮನ ರಸಬಾಳೆ ತೋಟವಿತ್ತು. ಗಂಡ ತೀರಿದ ಮೇಲೆ ತೋಟವನ್ನೂ ಮಗಳು ಚಿಕ್ಕಬಸಮ್ಮನನ್ನೂ ಒಂಟಿ ಕೈಯಲ್ಲಿ ಬೆಳೆಸಿದವಳು. ಚೆಲುವಯ್ಯನಿಗೆ ದೂರದ ಸೋದರತ್ತೆ. "ಕೆಲಸ ಖಾಯಂ ಆಗ್ಲಿ, ಮಗಳ ಕೊಡ್ತೀನಿ" ಎಂದಿದ್ದಳು. ಖಾಯಂ ಮಾಡಿರೆಂದು ಚೆಲುವಯ್ಯ ಬರೆದ ಅರ್ಜಿಗೆ ಉತ್ತರ ಬಂದ ದಿನ ಅವಳೇ ಸಂತೆಗೆಂದು ಬಂದವಳು ಕಚೇರಿಯ ಜಗುಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಗುರುಸಿದ್ದಮ್ಮ.

ಚೆಲುವಯ್ಯ ಕಾಗದವನ್ನು ಗಟ್ಟಿಯಾಗಿ ಓದಿ, ಕೆಮ್ಮಿ, "ರಾಗಿ, ಅತ್ತೆ" ಎಂದ.

"ಎಲ್ಲೀ ರಾಗಿ!" ಗುರುಸಿದ್ದಮ್ಮ ಎಲೆಯಡಿಕೆ ಉಗಿದಳು. "ಕನ್ಸಿಡ್ರೇಸನ್ ಅಂತ ಈಗ ತಾನೆ ಓದ್ದ. ನಂಗೆ ಮೂರು ಸಲ ಬಂದದೆ, ಕಿವಿ ಕಂಡುಕೊಂಡದೆ. ಅದು ಬಾಳೆ ಕಣವ್ವ!"

ಕೆಂಪಾಜಮ್ಮ ಕೋಪಗೊಳ್ಳಲಿಲ್ಲ. "ಬಾಳೆ ಆದ್ರೆ ಒಳ್ಳೇದೇ ಆಯ್ತು. ಕಚೇರಿ ಮಾತು ನಂಗೆ ತಿಳಿಯಾಕಿಲ್ಲ, ಬಾಳೆ ಮಾತು ತಿಳೀತದೆ. ಇವತ್ತೇ ಒಂದು ಕಂದು ನೆಡ್ತೀನಿ. ಗೊನೆ ಕಡಿಯೋ ದಿನ ಖಾಯಂ ಕಾಗದ ತಂದ್ರೆ ಮದುವೆ. ಇಲ್ಲಾಂದ್ರೆ ಸೋಸಲೆಯಿಂದ ಕೇಳ್ಕಂಡು ಬಂದವ್ರೆ, ಜೋಡಿ ಎತ್ತಿನ ಮನೆ. ಅಲ್ಲಿಗೆ ಕೊಡ್ತೀನಿ."

ಅಂದಿನಿಂದ ಚೆಲುವಯ್ಯನ ಬದುಕು ತಲೆಕೆಳಗಾಯಿತು. ಲೋಕವೆಲ್ಲ ಬೇಗ ಆಗಲೆಂದು ಹರಕೆ ಹೊರುವಾಗ ಇವನು ನಂಜುಂಡೇಶ್ವರನ ಮುಂದೆ ನಿಂತು, ಒಂದು ಗಿಡ ನಿಧಾನವಾಗಿ ಬೆಳೆಯಲೆಂದು ಬೇಡಿಕೊಂಡ. ಗಿಡವೋ ಸರ್ಕಾರಿ ನೌಕರನಲ್ಲ. ಭಾನುವಾರಕ್ಕೊಂದು ಹೊಸ ಸುಳಿ ಬಿಟ್ಟುಕೊಂಡು, ಇವನು ಬರುತ್ತಲೇ ಎಲೆಯಲ್ಲಿ ರುಮಾಲು ತಟ್ಟುತ್ತಿತ್ತು. ಚಿಕ್ಕಬಸಮ್ಮ ಬುಡಕ್ಕೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರೆ ಇವನು ಕೊಡಕ್ಕೆ ಕೈ ಅಡ್ಡ ಹಿಡಿದ.

"ಒಂಚೂರು ಕಮ್ಮಿ ಹಾಕಬಾರದಾ?"

ಅವಳು ಇವನ ಮುಖ ನೋಡದೆ ಗಿಡಕ್ಕೇ ಉತ್ತರ ಕೊಟ್ಟಳು. "ಕೇಳ್ದಾ ಬಾಳೆವ್ವ? ಗುಮಾಸ್ತರು ನಿನ್ನೂ ಹಂಗಾಮಿ ಮಾಡಾಕೆ ಬಂದವ್ರೆ."

ಹೂ ಬಿಟ್ಟಿತು, ಕಾಯಿ ಕಟ್ಟಿತು. ಕಚೇರಿಯಿಂದ ಪಿಟ್ಟೆನ್ನುವ ಸದ್ದಿಲ್ಲ. ಕೊನೆಗೆ ಗೊನೆ ಕಡಿಯುವ ಹಿಂದಿನ ದಿನ ಕಾಗದ ಬಂತು. ಒಡೆದು ಓದಿದವನು ಮುಕ್ಕಾಲಿಯಿಂದ ಬಿದ್ದ. ಇಟ್ಟಿಗೆಯೂ ಜಾರಿತ್ತೆನ್ನಿ.

ಮರುದಿನ ತೋಟದಲ್ಲಿ ಕೆಂಪಾಜಮ್ಮ ಕುಡುಗೋಲು ಹಿಡಿದು ನಿಂತಿದ್ದಳು. "ಓದಪ್ಪ."

ಅಲ್ಲಿ ಗುರುಸಿದ್ದಮ್ಮ ಇರಲಿಲ್ಲ. ಇಂಗ್ಲಿಷ್ ಬಲ್ಲ ಕಾಗೆಯೂ ಇರಲಿಲ್ಲ. 'ಆರ್ಡರ್ ಬಂದಿದೆ' ಎಂದುಬಿಟ್ಟರೆ ಕೇಳುವವರಾರು? ಚೆಲುವಯ್ಯ ಬಾಯಿ ತೆರೆದ. ಚಿಕ್ಕಬಸಮ್ಮ ಮೊದಲ ಸಲ ನೇರವಾಗಿ ಅವನನ್ನೇ ನೋಡುತ್ತಿದ್ದಳು.

"ತೆಂಗು ಬಂದದೆ, ಅತ್ತೆ."

ಕೆಂಪಾಜಮ್ಮ ಕುಡುಗೋಲು ಬೀಸಿದಳು. ಗೊನೆ ಅವಳ ಹೆಗಲಿಗೆ ಬಂತು. "ಗೊನೆ ಆಯ್ತು, ಗಡುವೂ ಆಯ್ತು."

"ಎಲ್ಲಿ ಆಯ್ತು?" ಚಿಕ್ಕಬಸಮ್ಮ ಬುಡದಲ್ಲಿ ಮೊಣಕಾಲೆತ್ತರ ಎದ್ದಿದ್ದ ಮರಿಕಂದುಗಳನ್ನು ತೋರಿಸಿದಳು. "ಒಂದಲ್ಲ, ಮೂರವೆ. ಇವೂ ಅದೇ ಬಾಳೆ ತಾನೆ? ಇವು ಮುಗಿಯೋಗಂಟ ನಾನು ಸೋಸಲೆಗೆ ಓಗಾಕಿಲ್ಲ. ಅವು ಮುಗಿದ್ರೆ ಅವುಗಳ ಮರಿ ಬತ್ತವೆ."

"ನೋಡ್ದಾ, ನಮ್ಮ ಕೂಸ್ಗೂ ಕಚೇರಿ ಬುದ್ಧಿ ಬಂದದೆ!" ಕೆಂಪಾಜಮ್ಮ ಗೊನೆ ಇಳಿಸಿ, ಸೊಂಟಕ್ಕೆ ಕೈಯಿಟ್ಟು, ಮೈಯೆಲ್ಲ ಕುಲುಕುವಂತೆ ನಕ್ಕಳು. ನಗು ನಿಂತ ಮೇಲೆ ಚೆಲುವಯ್ಯನ ಕಡೆ ತಿರುಗಿದಳು. "ಅಲ್ಲಪ್ಪ, ಆವತ್ತು ಬಾಳೇನ ರಾಗಿ ಅಂದೆ. ಇವತ್ತು ತೆಂಗನ್ನ ತೆಂಗು ಅಂತ್ಲೇ ಅಂದ್ಯಲ್ಲ, ಅದೂ ಕುಡುಗೋಲಿನ ಮುಂದೆ! ಆ ಕಾಗದ ಬಂದಾಗ ಬರ್ಲಿ, ನಿಮ್ಮ ಮೊಮ್ಮಕ್ಕಳು ಓದ್ಕತಾರೆ. ಮಗಳ ಕೊಟ್ಟೆ."

"ಯಾವಾಗ ಅತ್ತೆ?"

"ಕನ್ಸಿಡ್ರೇಸನ್."

ಚೆಲುವಯ್ಯನ ಮುಖ ಬಾಡಿತು. "ಅವ್ವಾ!" ಎಂದಳು ಚಿಕ್ಕಬಸಮ್ಮ.

ಕೆಂಪಾಜಮ್ಮ ಮಡಿಲ ಗಂಟು ಬಿಚ್ಚಿ ಒಂದು ಚಿಟಿಕೆ ದಂಟಿನ ಬೀಜ ತೆಗೆದು, ಗೊನೆ ಕಡಿದ ಜಾಗದ ಹಸಿ ಮಣ್ಣಿಗೆ ಎರಚಿದಳು. "ಸೊಪ್ಪು ಕೊಯ್ಯೋ ದಿನ ಧಾರೆ."

ದಂಟಿನ ಸೊಪ್ಪೆಂದರೆ ಒಂದು ತಿಂಗಳೂ ಹಿಡಿಯದು. ನರಸೀಪುರದವರೆಗೂ ಚೆಲುವಯ್ಯ ಕುಣಿದುಕೊಂಡೇ ನಡೆದ. ಇಷ್ಟು ಬೇಗಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ದಾರಿಯುದ್ದಕ್ಕೂ ಯೋಚಿಸಿದ. ಕಚೇರಿಯ ಕಾಗದಗಳಲ್ಲಿ ಅಂಥ ಮಾತೊಂದನ್ನು ಓದಿದ ನೆನಪೇ ಅವನಿಗೆ ಬರಲಿಲ್ಲ.